ಕುಡಿಯ ಲೆಕ್ಕ ತಪ್ಪಿದಾಗ

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಹರಾಜಿಗೆ ಮೊದಲು ಟೊಮೆಟೊ ಆರಿಸುವ ಕೆಲಸ ನಡೆಯುತ್ತದೆ. ಗುಂಡಗೆ, ಗಟ್ಟಿಯಾಗಿ, ಒಂದೇ ಗಾತ್ರಕ್ಕಿರುವ ಹಣ್ಣು ಬಾಕ್ಸಿಗೆ ಹೋಗುತ್ತದೆ. ಉಳಿದದ್ದು ಪಕ್ಕದ ರಾಶಿಗೆ. ಬೆನ್ನಿಗೆ ಬೆನ್ನು ಅಂಟಿಕೊಂಡ ಜೋಡಿ ಹಣ್ಣುಗಳು, ಮೂಗು ಮೂಡಿದವು, ಬುಡದಲ್ಲಿ ಬಿರಿದು ಕಂದು ಗೆರೆ ಕಟ್ಟಿದವು, ಒಂದು ಪಕ್ಕ ಹಸಿರು ಬಿಡದವು ಆ ರಾಶಿಯಲ್ಲಿ ಸಿಗುತ್ತವೆ. ಇದು ಟೊಮೆಟೊಗೆ ಮೀಸಲಾದ ಕಾಯಿಲೆಯಲ್ಲ. ಹೂಕೋಸಿನ ಗಡ್ಡೆಯ ನಡುವೆ ಎಲೆ ಇಣುಕುವುದು, ಮೂಲಂಗಿ ಗಡ್ಡೆ ಕಟ್ಟುವ ಮೊದಲೇ ಹೂವಿಗೆ ಹೋಗುವುದು, ಕುಂಬಳದ ಬಳ್ಳಿಯ ತುದಿ ಚಪ್ಪಟೆ ಪಟ್ಟಿಯಾಗುವುದು, ಬದನೆ ಗಿಡ ಕಾಯಿ ಕಚ್ಚದೆ ಸಣ್ಣ ಎಲೆಗಳ ಪೊದೆಯಾಗುವುದು ಬೆಳೆಗಾರರಿಗೆ ಹೊಸತೇನಲ್ಲ.

ಇಂಥದ್ದು ಕಂಡಾಗ ಬಾಯಿಗೆ ಬರುವ ಮೊದಲ ಮಾತು ‘ಬೀಜ ಸರಿ ಇಲ್ಲ’. ಎರಡನೆಯದು ‘ಔಷಧಿ ಹೆಚ್ಚಾಯಿತು’. ಒಮ್ಮೊಮ್ಮೆ ಎರಡೂ ನಿಜವೇ. ಆದರೆ ಗಿಡದ ರೂಪ ಕೆಡುವುದಕ್ಕೆ ಇರುವ ದಾರಿ ಎರಡಲ್ಲ, ಮೂರು. ಜೀವಕೋಶದ ಡಿಎನ್‌ಎ ಬರಹವೇ ಬದಲಾಗಬಹುದು. ಬರಹ ಅಕ್ಷರಶಃ ಹಾಗೆಯೇ ಉಳಿದು, ಅದು ಜಾರಿಯಾಗುವ ರೀತಿ ಬದಲಾಗಬಹುದು. ಇವೆರಡೂ ಇಲ್ಲದೆ ಹವೆ, ಕೀಟ, ರೋಗಾಣು, ಕಳೆನಾಶಕ ಹೊರಗಿನಿಂದ ಕೈ ಹಾಕಬಹುದು. ನಡುವಿನ ದಾರಿಗೆ ಎಪಿಜೆನೆಟಿಕ್ ಬದಲಾವಣೆ ಎಂದು ಹೆಸರು. ಅದನ್ನು ವಿಜ್ಞಾನ ಸರಿಯಾಗಿ ಗುರುತಿಸಿದ್ದು ತೀರಾ ಈಚೆಗೆ. ಅದರ ಒಳ್ಳೊಳ್ಳೆಯ ಉದಾಹರಣೆಗಳಲ್ಲಿ ಹಲವು ಸಿಕ್ಕಿದ್ದು ತರಕಾರಿ ಗಿಡಗಳಲ್ಲೇ.

ತುದಿಯಲ್ಲಿರುವ ಲೆಕ್ಕ

ಪ್ರಾಣಿಯ ಕೈಕಾಲುಗಳು ಹುಟ್ಟುವ ಮೊದಲೇ ಎಣಿಕೆಯಾಗಿ ಮುಗಿದಿರುತ್ತವೆ. ಗಿಡ ಸಾಯುವವರೆಗೂ ಹೊಸ ಅಂಗ ಹುಟ್ಟಿಸುತ್ತಲೇ ಇರುತ್ತದೆ. ಆ ಕೆಲಸ ನಡೆಯುವುದು ಕುಡಿಯ ತುತ್ತತುದಿಯಲ್ಲಿ, ಎಳೆ ಎಲೆಗಳ ಮರೆಯಲ್ಲಿರುವ ಸೂಕ್ಷ್ಮ ದಿಬ್ಬದಲ್ಲಿ. ದಿಬ್ಬದ ನಡುವೆ ಒಂದಿಷ್ಟು ಆಕರಕೋಶಗಳಿರುತ್ತವೆ. ಅವು ಒಡೆಯುತ್ತ ಹೋದಂತೆ ಅಂಚಿಗೆ ಸರಿದವು ಎಲೆಯಾಗುತ್ತವೆ, ಕವಲಾಗುತ್ತವೆ, ಕಾಲ ಬಂದಾಗ ಹೂವಾಗುತ್ತವೆ. ನಡುವಿನ ಗುಂಪು ಮಾತ್ರ ಹಿಗ್ಗದೆ ಕುಗ್ಗದೆ ಉಳಿಯಬೇಕು.

ಈ ಸಮತೋಲ ಕಾಯುವ ಜೀನುಗಳು ಮೊದಲು ಗೊತ್ತಾದದ್ದು ಸಾಸಿವೆಯ ನೆಂಟನಾದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ. ವುಶೆಲ್ ಎಂಬ ಜೀನ್ ಆಕರಕೋಶಗಳನ್ನು ಹೆಚ್ಚಿಸುತ್ತದೆ. ಹೆಚ್ಚಿದ ಕೋಶಗಳು ಕ್ಲಾವಾಟಾ-3 ಎಂಬ ಸಣ್ಣ ಪ್ರೋಟೀನನ್ನು ಹೊರಹಾಕಿ ವುಶೆಲ್‌ನ ಕೈ ಹಿಡಿಯುತ್ತವೆ. ಒಂದು ಏರಿದರೆ ಇನ್ನೊಂದು ಎಳೆದು ನಿಲ್ಲಿಸುತ್ತದೆ. ಕ್ಲಾವಾಟಾ ಸೋತರೆ ದಿಬ್ಬ ಅಗಲವಾಗುತ್ತದೆ, ಕಾಂಡ ಪಟ್ಟಿಯಾಗುತ್ತದೆ, ಒಂದು ಹೂವಿನಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಎಸಳು, ಹೆಚ್ಚು ಅಂಡಕೋಶಗಳು ಮೂಡುತ್ತವೆ. ಪೂಜೆಗೆ ತರುವ ಕೋಳಿಜುಟ್ಟಿನ ಹೂ ಹೀಗೆ ಅಗಲವಾದ ತುದಿಯದೇ ಬೆಳವಣಿಗೆ. ಅದರಲ್ಲಿ ಆ ಗುಣ ಬೀಜದಿಂದ ಬೀಜಕ್ಕೆ ಇಳಿದು ಬರುತ್ತದೆ.

ಟೊಮೆಟೊದ ಕತೆಯೂ ಇದೇ ತುದಿಯಲ್ಲಿ ಶುರುವಾಗುತ್ತದೆ. ದಕ್ಷಿಣ ಅಮೆರಿಕದ ಕಾಡು ಟೊಮೆಟೊ ಬಟಾಣಿಗಿಂತ ಸ್ವಲ್ಪ ದೊಡ್ಡದು. ಅಡ್ಡಕ್ಕೆ ಕೊಯ್ದರೆ ಒಳಗೆ ಎರಡೇ ಬೀಜದ ಗೂಡುಗಳು. ಇಂದಿನ ದೊಡ್ಡ, ಏಣೇಣಾದ ತಳಿಗಳನ್ನು ಕೊಯ್ದರೆ ಎಂಟು, ಹತ್ತು ಗೂಡುಗಳೂ ಸಿಗುತ್ತವೆ. ಈ ವ್ಯತ್ಯಾಸಕ್ಕೆ ಮುಖ್ಯವಾಗಿ ಎರಡು ಬದಲಾವಣೆಗಳು ಕಾರಣ. ಒಂದರಲ್ಲಿ 11ನೇ ವರ್ಣತಂತುವಿನ ಸುಮಾರು 2,94,000 ಅಕ್ಷರಗಳ ತುಂಡು ತಲೆಕೆಳಗಾಗಿ ಕೂತಿದೆ. ಆ ತುಂಡಿನ ಒಂದು ತುದಿ ಮುರಿದದ್ದು ಕ್ಲಾವಾಟಾ-3 ಜೀನಿಗೆ ಅಪ್ಪಣೆ ಕೊಡುವ ಭಾಗದಲ್ಲಿ. ಜೀನ್ ನಾಶವಾಗಿಲ್ಲ, ದನಿ ತಗ್ಗಿದೆ ಅಷ್ಟೆ. ಇನ್ನೊಂದು ಬದಲಾವಣೆ ವುಶೆಲ್ ಜೀನಿನ ಪಕ್ಕದಲ್ಲಿದೆ. ಅಲ್ಲಿ ಬದಲಾದದ್ದು ಕೇವಲ ಎರಡು ಅಕ್ಷರ. ಎರಡೂ ಒಟ್ಟಿಗೆ ಇದ್ದಾಗ ಹೂವಿನ ತುದಿ ಅಗಲವಾಗಿ, ಗೂಡುಗಳು ಹೆಚ್ಚಿ, ಹಣ್ಣು ದಪ್ಪವಾಗುತ್ತದೆ.

ಮಾರುಕಟ್ಟೆಯಲ್ಲಿ ಪಕ್ಕಕ್ಕೆ ಬೀಳುವ ವಿಕಾರ ಹಣ್ಣಿನ ಮೂಲವೂ ಇಲ್ಲೇ ಇದೆ. ಗೂಡು ಹೆಚ್ಚಿರುವ ತಳಿಗಳ ಹೂವು ಮೊದಲೇ ಲೆಕ್ಕದ ಅಂಚಿನಲ್ಲಿರುತ್ತದೆ. ಮೊಗ್ಗು ರೂಪುಗೊಳ್ಳುವ ದಿನಗಳಲ್ಲಿ ರಾತ್ರಿಯ ಚಳಿ ಬಲವಾದರೆ ಅಂಡಕೋಶಗಳು ಇನ್ನಷ್ಟು ಹೆಚ್ಚಿ, ಸರಿಯಾಗಿ ಬೆಸೆದುಕೊಳ್ಳದೆ, ಕೆಲವು ವಾರಗಳ ನಂತರ ಅಂಟಿದ, ಬಿರಿದ ಹಣ್ಣಾಗಿ ಕಾಣಿಸಿಕೊಳ್ಳುತ್ತವೆ. ಅದೇ ಚಳಿಯಲ್ಲಿ ಎರಡು ಗೂಡಿನ ಚೆರ್ರಿ ಟೊಮೆಟೊ ಬಹುತೇಕ ಗುಂಡಗೇ ಇರುತ್ತದೆ. ಚಳಿಗಷ್ಟೇ ಅಥವಾ ಜೀನಿಗಷ್ಟೇ ದೂರು ಹಾಕಿದರೆ ಇಲ್ಲಿ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಕುಡಿಯ ಹೊರಗೂ ಒಂದೇ ಅಕ್ಷರ ಸಾಕಷ್ಟು ಕೆಲಸ ಮಾಡಬಲ್ಲದು. ಗ್ರೆಗರ್ ಮೆಂಡೆಲ್ ಬಳಸಿದ ಕುಳ್ಳ ಬಟಾಣಿಯಲ್ಲಿ ಜಿಬ್ಬರೆಲಿನ್ ಎಂಬ ಬೆಳವಣಿಗೆ ಹಾರ್ಮೋನು ತಯಾರಿಸುವ ಕಿಣ್ವದ ಜೀನಿನಲ್ಲಿ ಒಂದಕ್ಷರ ಬದಲಾಗಿದೆ ಎಂದು 1997ರಲ್ಲಿ ತಿಳಿಯಿತು. ಬೀಜವನ್ನು ನಿದ್ದೆಯಲ್ಲಿಡುವ ಅಬ್ಸಿಸಿಕ್ ಆಮ್ಲ ತಯಾರಾಗದ ಟೊಮೆಟೊ ತಳಿಗಳಲ್ಲಿ ಬೀಜ ಹಣ್ಣಿನೊಳಗೇ ಮೊಳೆಯುತ್ತದೆ. ಮೊಬೈಲಿನಲ್ಲಿ ಆಗಾಗ ಹರಿದಾಡುವ ‘ಟೊಮೆಟೊ ಒಳಗೆ ಮೊಳಕೆ’ ಚಿತ್ರಗಳು ಭಯ ಹುಟ್ಟಿಸುವಂಥವಲ್ಲ. ಮಾಗಿ ಬಹಳ ದಿನ ಉಳಿದ ಸಾಮಾನ್ಯ ಹಣ್ಣಿನಲ್ಲೂ ಈ ಹಾರ್ಮೋನಿನ ಹಿಡಿತ ಸಡಿಲವಾಗಿ ಹಾಗಾಗುವುದುಂಟು.

ವಿಕಾರವೇ ತರಕಾರಿಯಾದದ್ದು

ಯಾವುದು ವಿಕಾರ, ಯಾವುದು ತಳಿಗುಣ ಎಂಬುದನ್ನು ಗಿಡ ನಿರ್ಧರಿಸುವುದಿಲ್ಲ. ಹೂಕೋಸು ಇದಕ್ಕೆ ಒಳ್ಳೆಯ ಸಾಕ್ಷಿ. ತಿನ್ನುವ ಬಿಳಿ ಗಡ್ಡೆ ಹೂವಲ್ಲ. ಹೂವಾಗಲು ಹೊರಟು ಆಗಲಾರದೆ, ಮತ್ತೆ ಕವಲೊಡೆದು, ಆ ಕವಲೂ ಹೂವಾಗಲು ಹೊರಟು ಸೋತ ಸಾವಿರಾರು ತುದಿಗಳ ಗುಂಪು. ಹೂವಿನ ಗುರುತನ್ನು ಪಕ್ಕಾ ಮಾಡುವ ಜೀನುಗಳಲ್ಲಿ ಒಂದು ಹೂಕೋಸಿನಲ್ಲಿ ನಡುದಾರಿಯಲ್ಲೇ ತುಂಡಾಗಿದೆ. ಆ ಜೀನಿಗೆ ವಿಜ್ಞಾನಿಗಳು ಇಟ್ಟ ಹೆಸರೇ ‘ಕಾಲಿಫ್ಲವರ್’. 2021ರಲ್ಲಿ ಫ್ರಾನ್ಸಿನ ಸಂಶೋಧಕರು ಈ ಸೋಲಿನ ಸರಣಿಯನ್ನು ಗಣಿತದ ಮಾದರಿಯಲ್ಲಿ ತೋರಿಸಿದರು: ತುದಿ ಅಲ್ಪಕಾಲ ಹೂವಿನ ಸ್ಥಿತಿಗೆ ಹೋಗಿ ಹಿಂದಿರುಗುತ್ತದೆ, ಆದರೆ ಹೋಗಿಬಂದ ನೆನಪು ಉಳಿಯುವುದರಿಂದ ಎಲೆ ಬಿಡದೆ ಮತ್ತೆ ಕುಡಿ ಮೂಡಿಸುತ್ತದೆ. ಕುಡಿಯ ಗಾತ್ರವೂ ಬೆಳೆಯುತ್ತ ಹೋದರೆ ಗೋಪುರದ ಮೇಲೆ ಗೋಪುರ ನಿಂತ ರೊಮನೆಸ್ಕೊ ತಳಿಯ ಆಕಾರ ಬರುತ್ತದೆ.

ಎಲೆಕೋಸು, ನವಿಲುಕೋಸು, ಬ್ರೊಕೊಲಿ, ಹೂಕೋಸು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಪ್ರಭೇದ. ಒಂದರಲ್ಲಿ ಕೊನೆಯ ಮೊಗ್ಗು ಬಿಚ್ಚದೆ ಉಬ್ಬಿದೆ, ಇನ್ನೊಂದರಲ್ಲಿ ಕಾಂಡ ಊದಿದೆ, ಮತ್ತೊಂದರಲ್ಲಿ ಹೂಗೊಂಚಲು ತಡೆದು ನಿಂತಿದೆ. ಸಮುದ್ರದಂಡೆಯ ಕಾಡುಕೋಸಿನ ಕಣ್ಣಿನಿಂದ ನೋಡಿದರೆ ತರಕಾರಿ ಅಂಗಡಿಯ ಈ ಸಾಲೆಲ್ಲ ಬೆಳವಣಿಗೆ ಕೆಟ್ಟ ಗಿಡಗಳೇ.

ಟೊಮೆಟೊದಲ್ಲೂ ಹೀಗೆ. 1914ರಲ್ಲಿ ಅಮೆರಿಕದ ಫ್ಲಾರಿಡಾದ ಹೊಲವೊಂದರಲ್ಲಿ ಎತ್ತರಕ್ಕೆ ಬೆಳೆಯದೆ ತಾನೇ ನಿಂತುಬಿಡುವ ಗಿಡ ಸಿಕ್ಕಿತು. ಸಾಮಾನ್ಯ ಗಿಡದ ಕುಡಿ ಬೆಳೆಯುತ್ತಲೇ ಹೋದರೆ, ಇದರ ಕುಡಿ ಬೇಗ ಹೂಗೊಂಚಲಿನಲ್ಲಿ ಮುಗಿಯುತ್ತಿತ್ತು. ಕೋಲು ಕಟ್ಟದೆ ಬೆಳೆಯುವ, ಹಣ್ಣೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಮಾಗುವ, ಯಂತ್ರದಿಂದ ಕೊಯ್ಯುವ ತಳಿಗಳೆಲ್ಲ ಆ ದೋಷದ ಮೇಲೆ ನಿಂತಿವೆ. ಉದ್ದನೆಯ ಟೊಮೆಟೊಗಳಲ್ಲಿ ಕೆಲವಕ್ಕೆ ಕಾರಣ ಇನ್ನೂ ವಿಚಿತ್ರ: ವರ್ಣತಂತುಗಳಲ್ಲಿ ಜಾಗ ಬದಲಿಸುವ ‘ರೈಡರ್’ ಎಂಬ ಜಿಗಿಯುವ ಜೀನೊಂದು ಪಕ್ಕದ ಜೀನನ್ನೂ ಎಳೆದುಕೊಂಡು 10ನೇ ವರ್ಣತಂತುವಿನಿಂದ 7ನೆಯದಕ್ಕೆ ಬಂದು ಕೂತಿತು. ಹೊಸ ಜಾಗದಲ್ಲಿ ಆ ಜೀನ್ ಅತಿಯಾಗಿ ಕೆಲಸ ಮಾಡಿ ಹಣ್ಣನ್ನು ನೀಳವಾಗಿಸಿತು. ಇದು ಬೆಳಕಿಗೆ ಬಂದದ್ದು 2008ರಲ್ಲಿ.

ಅಕ್ಷರ ಬದಲಾಗದ ಬದಲಾವಣೆ

1742ರಲ್ಲಿ ಸ್ವೀಡನ್ನಿನ ವಿದ್ಯಾರ್ಥಿಯೊಬ್ಬ ಸ್ಟಾಕ್‌ಹೋಮ್ ಬಳಿಯ ದ್ವೀಪದಿಂದ ಒಂದು ಕಾಡುಹೂ ತಂದ. ಗಿಡ ಸಾಮಾನ್ಯ ಲಿನೇರಿಯಾ. ಹೂವು ಮಾತ್ರ ಬೇರೆ. ಎಡಬಲವಷ್ಟೇ ಸಮವಾಗಿರಬೇಕಾದ ಹೂವು ಐದೂ ಕಡೆಯಿಂದ ಒಂದೇ ಸಮನಾಗಿತ್ತು. ಕಾರ್ಲ್ ಲಿನೇಯಸ್ ಅದನ್ನು 1744ರಲ್ಲಿ ‘ಪೆಲೋರಿಯಾ’ ಎಂದು ಹೆಸರಿಟ್ಟು ವರ್ಣಿಸಿದ. ಜೀವಿಗಳ ಪ್ರಭೇದ ಸ್ಥಿರವೆಂದು ನಂಬಿದ್ದ ಕಾಲಕ್ಕೆ ಅದು ದೊಡ್ಡ ತಲೆನೋವು. ಉತ್ತರ ಸಿಕ್ಕಿದ್ದು 1999ರಲ್ಲಿ, ಇಂಗ್ಲೆಂಡಿನ ನಾರಿಚ್‌ನ ಜಾನ್ ಇನ್ನಿಸ್ ಕೇಂದ್ರದಲ್ಲಿ. ಹೂವಿಗೆ ಮೇಲು ಕೆಳಗು ಹೇಳಿಕೊಡುವ ಜೀನಿನ ಅಕ್ಷರಗಳಲ್ಲಿ ದೋಷವಿರಲಿಲ್ಲ. ಆದರೆ ಆ ಜೀನಿನ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ದಟ್ಟವಾಗಿ ಅಂಟಿದ್ದವು. ಜೀನ್ ಪೂರ್ತಿ ಮೌನವಾಗಿತ್ತು.

ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸೈಟೊಸಿನ್ ಎಂಬುದಕ್ಕೆ ಮೀಥೈಲ್ ಅಂಟಿಸುವುದು ಗಿಡದ ದಿನನಿತ್ಯದ ಕೆಲಸ. ಜಿಗಿಯುವ ಜೀನುಗಳು ಮನಬಂದಲ್ಲಿ ಜಿಗಿಯದಂತೆ ಹೀಗೆ ಕಟ್ಟಿಹಾಕಲಾಗುತ್ತದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೂ ಬೇರೆ ಬಗೆಯ ಗುರುತುಗಳಿರುತ್ತವೆ. ಮನೆಯ ಒಂದು ಕೋಣೆಗೆ ಬೀಗ ಬಿದ್ದಂತೆ ಇದು: ಕೋಣೆ ಇದೆ, ಒಳಗಿನ ಸಾಮಾನೂ ಇದೆ, ಬಳಕೆಗೆ ಮಾತ್ರ ಇಲ್ಲ. ಸಾಮಾನ್ಯವಾಗಿ ಮುಂದಿನ ಪೀಳಿಗೆಗೆ ಎಲ್ಲಿ ಬೀಗ ಬೇಕೋ ಅಲ್ಲಿ ಮಾತ್ರ ಉಳಿಯುತ್ತದೆ. ಕೆಲವೊಮ್ಮೆ ಹಾಕಬಾರದ ಕೋಣೆಗೆ ಬಿದ್ದ ಬೀಗವನ್ನೂ ಮಕ್ಕಳು ಮನೆಯ ಜೊತೆಗೇ ಪಡೆಯುತ್ತಾರೆ.

ತರಕಾರಿಯಲ್ಲಿ ಇದರ ಪ್ರಸಿದ್ಧ ನಿದರ್ಶನ ಬಣ್ಣ ಬಾರದ ಟೊಮೆಟೊ. ‘ಸಿಎನ್‌ಆರ್’ ಎಂದು ಕರೆಯುವ ಈ ಗಿಡದ ಹಣ್ಣು ಹಣ್ಣಾಗುವುದೇ ಇಲ್ಲ. ಸಿಪ್ಪೆ ಹಳದಿ, ತಿರುಳು ಬಣ್ಣವಿಲ್ಲದ ಹಿಟ್ಟು. ಬೀಜ ಹಾಕಿದರೆ ಮುಂದಿನ ಗಿಡವೂ ಹಾಗೆಯೇ. ಎಲ್ಲ ಲಕ್ಷಣದಲ್ಲೂ ಇದು ಜೀನ್ ಕೆಟ್ಟ ಪ್ರಕರಣವೇ. ಆದರೆ 2006ರಲ್ಲಿ ಬ್ರಿಟನ್ನಿನ ಸಂಶೋಧಕರು ಜಾಗ ಹುಡುಕಿ ಅಕ್ಷರಗಳನ್ನು ಓದಿದಾಗ ಕಾರಣವೆನ್ನುವಂಥ ಒಂದು ಅಕ್ಷರದ ವ್ಯತ್ಯಾಸವೂ ಸಿಗಲಿಲ್ಲ. ಸಿಕ್ಕಿದ್ದು ಜೀನಿನ ಮುಂಭಾಗದಲ್ಲಿ ಕಿಕ್ಕಿರಿದ ಮೀಥೈಲ್. ತೀರಾ ಅಪರೂಪಕ್ಕೆ ಈ ಗಿಡದ ಹಣ್ಣಿನಲ್ಲಿ ಒಂದು ಪಟ್ಟಿ ಕೆಂಪಾಗುವುದುಂಟು. ಅಕ್ಷರ ಕೆಟ್ಟಿದ್ದರೆ ಹೀಗೆ ಮರಳುವುದು ಬಹಳ ಕಷ್ಟ.

ಕತೆ ಅಷ್ಟಕ್ಕೇ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಮುಂದೆ ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಂದ ಮೇಲೆ ಅದೇ ಜೀನನ್ನು ಸಾಮಾನ್ಯ ಟೊಮೆಟೊದಲ್ಲಿ ಕೆಡಿಸಿ ನೋಡಿದರು. ಹಣ್ಣು ಮೂಲದ ಗಿಡದಷ್ಟು ಕೆಡಲಿಲ್ಲ, ಮಾಗುವುದು ಕೊಂಚ ಹಿಂದೆ ಬಿತ್ತಷ್ಟೆ. ಹಾಗಾಗಿ ಆ ಮೀಥೈಲ್ ಗುಂಪು ಒಂದೇ ಜೀನನ್ನು ಮೌನವಾಗಿಸುವುದಕ್ಕಿಂತ ಹೆಚ್ಚಿನದೇನನ್ನೋ ಮಾಡುತ್ತಿರಬೇಕು. ಪಠ್ಯಪುಸ್ತಕಗಳಲ್ಲಿ ಇದನ್ನು ಇತ್ಯರ್ಥವಾದ ಪ್ರಕರಣದಂತೆ ಬರೆಯುವುದು ಅಷ್ಟು ಸರಿಯಲ್ಲ.

ಕರಬೂಜದ ಉದಾಹರಣೆ ಹೆಚ್ಚು ಸ್ಪಷ್ಟ. ಕರಾವಳಿಯ ಸಾಂಬಾರಿಗೆ ಬೀಳುವ ಮಂಗಳೂರು ಸೌತೆಯೂ ಇದೇ ಪ್ರಭೇದದ್ದು. ಇವುಗಳ ಬಳ್ಳಿಯಲ್ಲಿ ಸಾಮಾನ್ಯವಾಗಿ ಗಂಡು ಹೂವೇ ಹೆಚ್ಚು. ಕೆಲವು ತಳಿಗಳಲ್ಲಿ ಮಾತ್ರ ಬಳ್ಳಿಯ ತುಂಬ ಹೆಣ್ಣು ಹೂವು. 2009ರಲ್ಲಿ ಫ್ರಾನ್ಸಿನ ತಂಡ ಕಾರಣ ಕಂಡುಹಿಡಿಯಿತು. ಹೆಣ್ಣು ಭಾಗ ಬೆಳೆಯದಂತೆ ತಡೆಯುವ ಜೀನೊಂದರ ಬಳಿ ಜಿಗಿಯುವ ಜೀನ್ ಬಂದು ಕೂತಿದೆ. ಅದನ್ನು ಕಟ್ಟಿಹಾಕಲು ಗಿಡ ಅಂಟಿಸಿದ ಮೀಥೈಲ್ ಪಕ್ಕದ ಜೀನಿನ ಅಪ್ಪಣೆಯ ಭಾಗಕ್ಕೂ ಹರಡಿ ಅದನ್ನು ಮೌನವಾಗಿಸಿದೆ. ತಡೆ ಹೋದ ಮೇಲೆ ಪ್ರತಿ ಹೂವೂ ಹೆಣ್ಣು. ಇಲ್ಲಿ ಅಕ್ಷರದ ಬದಲಾವಣೆಯೂ ಇದೆ, ಅಕ್ಷರದಾಚೆಯ ಬದಲಾವಣೆಯೂ ಇದೆ. ಮೊದಲನೆಯದು ಎರಡನೆಯದನ್ನು ಹುಟ್ಟಿಸಿದೆ. ತಳಿ ಅಭಿವೃದ್ಧಿಗಾರರಿಗೆ ಇದು ವಿಕಾರವಲ್ಲ, ವರ: ಇಂಥ ಬಳ್ಳಿಯನ್ನು ಹೆಣ್ಣು ಸಾಲಾಗಿ ಇಟ್ಟರೆ ಹೈಬ್ರಿಡ್ ಬೀಜ ಮಾಡುವಾಗ ಗಂಡು ಹೂ ಕೀಳುವ ಕೂಲಿ ಉಳಿಯುತ್ತದೆ.

ಎಲ್ಲಕ್ಕಿಂತ ವಿಲಕ್ಷಣವಾದದ್ದು ಟೊಮೆಟೊದ ‘ಸಲ್ಫ್ಯೂರಿಯಾ’. ಎಲೆಗಳಲ್ಲಿ ಹಳದಿ ತೇಪೆ ಮೂಡುವ ಈ ಗಿಡವನ್ನು 1950ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ಹಾಗೆಮನ್ ಅಭ್ಯಾಸ ಮಾಡಿದರು. ಮೆಂಡೆಲ್ ನಿಯಮದ ಪ್ರಕಾರ ಹಳದಿ ಗಿಡವನ್ನು ಹಸಿರು ಗಿಡದೊಂದಿಗೆ ಕೂಡಿಸಿದರೆ ಹಸಿರಿನಿಂದ ಬಂದ ಜೀನ್ ಹಸಿರಾಗಿಯೇ ಉಳಿಯಬೇಕು. ಇಲ್ಲಿ ಹಾಗಾಗಲಿಲ್ಲ. ಹಳದಿಯ ಜೊತೆ ಒಂದೇ ಕೋಶದಲ್ಲಿ ಇದ್ದ ಹಸಿರು ಜೀನೂ ಕ್ರಮೇಣ ಮೌನವಾಗಿ, ಮುಂದಿನ ಪೀಳಿಗೆಗಳಲ್ಲೂ ಮೌನವಾಗಿಯೇ ಉಳಿಯಿತು. ದ್ಯುತಿಸಂಶ್ಲೇಷಣೆಗೆ ಬೇಕಾದ ಒಂದು ಜೀನ್ ಹೀಗೆ ಮೀಥೈಲ್‌ನಿಂದ ಮುಚ್ಚಿಹೋಗುತ್ತಿತ್ತು ಎಂದು 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೋರಿಸಿದರು.

ಚಳಿ ಉಳಿಸುವ ನೆನಪು

ಎಪಿಜೆನೆಟಿಕ್ ಗುರುತುಗಳೆಲ್ಲ ತಪ್ಪಿನಿಂದ ಹುಟ್ಟುವುದಿಲ್ಲ. ಎಲೆಕೋಸು, ಮೂಲಂಗಿಯ ಬಳಗದ ಅನೇಕ ಗಿಡಗಳು ಚಳಿಗಾಲ ಕಳೆದದ್ದನ್ನು ನೆನಪಿಟ್ಟುಕೊಂಡೇ ಹೂ ಬಿಡುತ್ತವೆ. ಹೂವನ್ನು ತಡೆಹಿಡಿಯುವ ‘ಎಫ್‌ಎಲ್‌ಸಿ’ ಎಂಬ ಜೀನಿಗೆ ವಾರಗಟ್ಟಲೆಯ ಚಳಿ ಹಿಸ್ಟೋನ್ ಗುರುತಿನ ಮೂಲಕ ಬೀಗ ಹಾಕುತ್ತದೆ. ಬಿಸಿಲು ಮರಳಿದರೂ ಅದು ತೆರೆಯುವುದಿಲ್ಲ. ಕೋಶದಿಂದ ಕೋಶಕ್ಕೆ ಉಳಿದು ಬರುತ್ತದೆ. ಬೀಜ ರೂಪುಗೊಳ್ಳುವಾಗ ಮಾತ್ರ ಪೂರ್ತಿ ಅಳಿದು, ಹೊಸ ಗಿಡ ಮತ್ತೆ ತನ್ನದೇ ಚಳಿಗಾಲ ಕಾಯುತ್ತದೆ. ಸೋವಿಯತ್ ದೇಶದಲ್ಲಿ ಟ್ರೊಫಿಮ್ ಲೈಸೆಂಕೊ ಈ ಚಳಿಯ ಪಾಠ ಪೀಳಿಗೆಗೆ ಇಳಿಯುತ್ತದೆಂದು ಸಾಧಿಸಲು ಹೋಗಿ ಒಂದು ಇಡೀ ವಿಜ್ಞಾನ ಶಾಖೆಯನ್ನೇ ಹಾಳುಗೆಡವಿದ. ಇಳಿಯದಂತೆ ಅಳಿಸುವ ವ್ಯವಸ್ಥೆಯೇ ಗಿಡದಲ್ಲಿದೆ.

ಬೆಳೆಗಾರನಿಗೆ ಇದು ತೊಂದರೆಯಾಗುವುದು ನೆನಪು ಅಕಾಲದಲ್ಲಿ ಬಂದಾಗ. ತಳಿಗೆ ಒಗ್ಗದ ಕಾಲದಲ್ಲಿ ಬಿತ್ತಿದ ಮೂಲಂಗಿ ಚಳಿ ತಾಗಿ ಹೂದಂಟು ಎತ್ತುತ್ತದೆ, ಗಡ್ಡೆ ನಾರಾಗುತ್ತದೆ. ಈರುಳ್ಳಿ, ಕ್ಯಾರೆಟ್ಟಿನಲ್ಲೂ ಚಳಿಯೇ ಹೂವಿಗೆ ಕರೆ. ಒಳಗಿನ ಜೀನುಗಳು ಮಾತ್ರ ಬೇರೆ. ಯುರೋಪು ಮೂಲದ ಕ್ಯಾರೆಟ್ ತಳಿಗಳ ಬೀಜವನ್ನು ಬಯಲುಸೀಮೆಯಲ್ಲಿ ತೆಗೆಯಲಾಗದೆ ಬೆಟ್ಟದೂರುಗಳಿಗೆ ಹೋಗಬೇಕಾಗಿರುವುದೂ ಇದರಿಂದಲೇ. ಹೂಕೋಸಿನಲ್ಲಿ ಲೆಕ್ಕ ಎರಡೂ ಕಡೆ ತಪ್ಪಬಹುದು. ತಂಪಿನ ತಳಿಯನ್ನು ಸೆಕೆಯಲ್ಲಿ ನೆಟ್ಟರೆ ಗಡ್ಡೆಯೇ ಕಟ್ಟದು, ಕಟ್ಟಿದರೂ ನಡುನಡುವೆ ಎಲೆ. ಸೆಕೆಯ ತಳಿಯನ್ನು ಚಳಿಯಲ್ಲಿ ನೆಟ್ಟರೆ ಗಿಡ ಬಲಿಯುವ ಮೊದಲೇ ಗುಂಡಿಯಷ್ಟು ಗಡ್ಡೆ ಮೂಡಿ ನಿಲ್ಲುತ್ತದೆ. ಎರಡೂ ಸಲ ಬೀಜದಲ್ಲಿ ದೋಷವಿಲ್ಲ, ಆಯ್ಕೆಯಲ್ಲಿದೆ.

ಹೊರಗಿನ ಕೈ

ಬದನೆಯ ಕಿರುಎಲೆ ರೋಗದ ಬಗ್ಗೆ ಮೊದಲ ವರದಿ ಬಂದದ್ದು 1939ರಲ್ಲಿ, ಕೊಯಮತ್ತೂರಿನಿಂದ. ರೋಗಕಾರಕ ಫೈಟೊಪ್ಲಾಸ್ಮಾ: ಕೋಶಭಿತ್ತಿಯಿಲ್ಲದ, ಗಿಡದ ಆಹಾರನಾಳದಲ್ಲಿ ಬದುಕುವ, ಜಿಗಿಹುಳು ಹರಡುವ ಬ್ಯಾಕ್ಟೀರಿಯ. ಎಳ್ಳಿನ ಹೂವನ್ನು ಎಲೆಯಾಗಿಸುವುದೂ ಇದೇ ಬಳಗ. ಈ ಬಳಗದ ಒಂದು ತಳಿಯನ್ನು ವಿವರವಾಗಿ ಅಭ್ಯಾಸ ಮಾಡಿದಾಗ ಅದರ ಕುತಂತ್ರ ಬಯಲಾಯಿತು. ಅದು ಬಿಡುವ ಒಂದು ಪ್ರೋಟೀನು ಹೂವು ಕಟ್ಟುವ ಗಿಡದ ಪ್ರೋಟೀನುಗಳನ್ನು ಹಿಡಿದು ಕಸಕ್ಕೆ ಹಾಕಿಸುತ್ತದೆ, ಎಸಳು ಎಲೆಯಾಗುತ್ತದೆ. ಇನ್ನೊಂದು ಕವಲು ತಡೆಯುವ ಪ್ರೋಟೀನುಗಳನ್ನು ನಾಶಮಾಡುತ್ತದೆ; ಗಿಡ ಪೊದೆಯಾಗುತ್ತದೆ. ಜೀನ್ ಕೆಟ್ಟಂತೆ ಕಾಣುವ ಗಿಡದ ಜೀನುಗಳೆಲ್ಲ ಇಲ್ಲಿ ನೆಟ್ಟಗಿವೆ, ಅವುಗಳ ಫಲವನ್ನು ಪರರು ಕದಿಯುತ್ತಿದ್ದಾರೆ.

ಬಿಳಿನೊಣದಿಂದ ಹರಡುವ ಟೊಮೆಟೊ ಎಲೆ ಮುಟುರು ರೋಗದಲ್ಲಿ ಜಗಳ ನಡೆಯುವುದೇ ಮೀಥೈಲ್ ಮೇಲೆ. ಗಿಡ ವೈರಸ್ಸಿನ ಡಿಎನ್‌ಎಗೆ ಮೀಥೈಲ್ ಅಂಟಿಸಿ ಬಾಯಿ ಮುಚ್ಚಿಸಲು ನೋಡುತ್ತದೆ. ವೈರಸ್ ಮೀಥೈಲ್ ಸರಬರಾಜನ್ನೇ ಕೆಡಿಸುವ ಪ್ರೋಟೀನು ತಯಾರಿಸುತ್ತದೆ. ಆ ಗಡಿಬಿಡಿಯಲ್ಲಿ ಗಿಡದ ಸ್ವಂತ ಜೀನುಗಳೂ ಏರುಪೇರಾಗಿ ಎಲೆ ಸುರುಟಿ ಗಿಡ ಕುಗ್ಗುತ್ತದೆ. ಕಾಡು ಟೊಮೆಟೊದಿಂದ ತಂದ ‘ಟಿವೈ-1’ ಎಂಬ ನಿರೋಧಕ ಜೀನ್ ಮಾಡುವ ಕೆಲಸ ವೈರಸ್ಸಿನ ಮೇಲೆ ಮೀಥೈಲ್ ಹೆಚ್ಚಿಸುವುದು. ಎಲೆ ಮುಟುರು ತಡೆಯುವ ತಳಿಗಳ ಮೇಲೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಬಹುಕಾಲ ಕೆಲಸ ಮಾಡಿದೆ. ಅಲ್ಲಿಂದ ಬಂದ ಅರ್ಕಾ ರಕ್ಷಕ್ ಎಲೆ ಮುಟುರಿನ ಜೊತೆಗೆ ಸೊರಗು ರೋಗ ಮತ್ತು ಎಲೆಚುಕ್ಕೆಯನ್ನೂ ತಾಳಿಕೊಳ್ಳುವ ಹೈಬ್ರಿಡ್.

ಸಿಹಿಗೆಣಸಿನಲ್ಲಿ ಹೊರಗಿನ ಕೈ ಒಳಗೇ ಉಳಿದುಬಿಟ್ಟಿದೆ. ಮಣ್ಣಿನ ಅಗ್ರೊಬ್ಯಾಕ್ಟೀರಿಯಂ ತನ್ನ ಡಿಎನ್‌ಎ ತುಂಡನ್ನು ಗಿಡದ ವರ್ಣತಂತುವಿಗೆ ಸೇರಿಸಿ ಗಂಟು ಬೆಳೆಸುತ್ತದೆ. ಅಂಥ ತುಂಡು ಪರೀಕ್ಷಿಸಿದ 291 ಕೃಷಿ ಗೆಣಸಿನ ಮಾದರಿಗಳಲ್ಲೂ ಇದೆ ಎಂದು 2015ರಲ್ಲಿ ವರದಿಯಾಯಿತು. ಬೆಳಗಾವಿಯ ಗೆಣಸು ತಿನ್ನುವವರು ನಿಸರ್ಗವೇ ಮಾಡಿದ ಕುಲಾಂತರಿಯನ್ನು ತಿನ್ನುತ್ತಿದ್ದಾರೆ.

ಇನ್ನು ಕಬ್ಬಿನ ಗದ್ದೆಗೆ ಹೊಡೆದ 2,4-ಡಿ ಕಳೆನಾಶಕ ಗಾಳಿಯಲ್ಲಿ ತೇಲಿ ಪಕ್ಕದ ಟೊಮೆಟೊಗೆ ತಾಗಿದರೆ ಎಲೆ ದಾರದಂತೆ ಸಣ್ಣಗಾಗಿ ತಿರುಚಿಕೊಳ್ಳುತ್ತದೆ. ವೈರಸ್ ಎಂದು ತಪ್ಪು ತಿಳಿದು ಅದಕ್ಕೆ ಔಷಧಿ ಹೊಡೆಯುವುದು ದುಡ್ಡು ದಂಡ. ಕಲ್ಲಿಗೆ ತಾಗಿ ಕವಲೊಡೆದ ಕ್ಯಾರೆಟ್ಟು, ಜಂತುಹುಳು ಹೊಕ್ಕು ಗಂಟುಗಟ್ಟಿದ ಬೇರು ಇದೇ ಪಟ್ಟಿಗೆ ಸೇರುತ್ತವೆ.

ಬಾಟಲಿಯಲ್ಲಿ ಬೆಳೆದ ಗಿಡ

ಅಂಗಾಂಶ ಕೃಷಿಯಲ್ಲಿ ಒಂದು ಗಿಡದಿಂದ ಸಾವಿರ ಗಿಡ ಮಾಡುವಾಗ ಎಲ್ಲವೂ ತಾಯಿಯ ಪಡಿಯಚ್ಚಾಗಬೇಕು. ಆಗುವುದಿಲ್ಲ. ಬಾಳೆಯಲ್ಲಿ ಕುಳ್ಳ ಗಿಡ, ಬಣ್ಣಬಣ್ಣದ ಎಲೆಯ ಗಿಡ ಅಲ್ಲೊಂದು ಇಲ್ಲೊಂದು ಬರುತ್ತವೆ. ಪ್ರಯೋಗಾಲಯದಲ್ಲಿ ಕೋಶಗಳನ್ನು ಬಿಡಿಸಿ ಮತ್ತೆ ಗಿಡವಾಗಿಸುವ ದಾರಿಯಲ್ಲಿ ಅಕ್ಷರ ಬದಲಾವಣೆಯೂ ಆಗುತ್ತದೆ, ಮೀಥೈಲ್ ಗುರುತುಗಳೂ ಉದುರುತ್ತವೆ. ಇದಕ್ಕೆ ಆಸ್ಟ್ರೇಲಿಯಾದ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ 1981ರಲ್ಲಿ ಸೊಮಾಕ್ಲೋನಲ್ ವ್ಯತ್ಯಾಸ ಎಂದು ಹೆಸರಿಟ್ಟರು.

ಇದರ ಪತ್ತೆದಾರಿ ಪೂರ್ತಿಯಾದದ್ದು ತಾಳೆಎಣ್ಣೆ ಮರದಲ್ಲಿ. ತರಕಾರಿಯಲ್ಲದಿದ್ದರೂ ಈ ಪ್ರಕರಣ ಬಿಟ್ಟು ಮುಂದೆ ಹೋಗಲಾಗದು. ಮಲೇಷ್ಯಾದಲ್ಲಿ ಅಂಗಾಂಶ ಕೃಷಿಯ ಮರಗಳಲ್ಲಿ ಕೆಲವು ವರ್ಷಗಟ್ಟಲೆ ಆರೈಕೆಯಾದ ಮೇಲೆ ಎಣ್ಣೆ ಬಹಳ ಕಡಿಮೆಯಿರುವ ವಿಕಾರ ಕಾಯಿ ಬಿಟ್ಟವು. ಹೂವಿನ ಒಂದು ಜೀನಿನೊಳಗೆ ಕೂತಿದ್ದ ಜಿಗಿಯುವ ಜೀನ್ ಮೇಲಿನ ಮೀಥೈಲ್ ಕಳಚಿಹೋಗಿತ್ತು ಎಂದು 2015ರಲ್ಲಿ ತಿಳಿಯಿತು. ಆ ಜಿಗಿಯುವ ಜೀನಿನ ಹೆಸರು ‘ಕರ್ಮ’. ಮೀಥೈಲ್ ಉಳಿದದ್ದು ಒಳ್ಳೆಯ ಕರ್ಮ, ಕಳಚಿದ್ದು ಕೆಟ್ಟ ಕರ್ಮ ಎಂದೇ ವಿಜ್ಞಾನಿಗಳು ಕರೆದರು. ಸಸಿಯಲ್ಲೇ ಪರೀಕ್ಷಿಸಿ ಕೆಟ್ಟದ್ದನ್ನು ಬೇರ್ಪಡಿಸುವುದಕ್ಕೆ ಈಗ ದಾರಿಯಿದೆ.

ಬೀಜದ್ದೋ, ಹೊಲದ್ದೋ

ಹೊಲದಲ್ಲಿ ನಿಂತು ಕಾರಣ ಊಹಿಸಲು ಹಂಚಿಕೆಯೇ ಮೊದಲ ಸುಳಿವು. ವಿಕಾರ ಗಿಡಗಳು ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ್ದು, ಪಕ್ಕದ ಗಿಡ ಪೂರ್ತಿ ಚೆನ್ನಾಗಿದ್ದರೆ ಸಂಶಯ ಬೀಜದ ಕಡೆಗೆ. ಬದುವಿನಿಂದ ಒಳಕ್ಕೆ ಹಬ್ಬಿದ್ದರೆ ಸಿಂಪಡಣೆ ಅಥವಾ ಕೀಟ. ಇಡೀ ಹೊಲದಲ್ಲಿ ಒಂದೇ ಗೊಂಚಲಿನ ಕಾಯಿ ಕೆಟ್ಟು, ಮುಂದಿನ ಗೊಂಚಲು ಸರಿಯಾಗಿದ್ದರೆ ಆ ಮೊಗ್ಗಿನ ಕಾಲದ ಹವೆ. ಗಿಡದ ಒಂದೇ ಕೊಂಬೆ ಬೇರೆಯಾಗಿದ್ದರೆ ಆ ಕುಡಿಯಲ್ಲಿ ಮಾತ್ರ ಬದಲಾವಣೆ ನಡೆದಿದೆ. ದಿನ ಕಳೆದಂತೆ ಚದುರಿದ ಗಿಡಗಳ ಸಂಖ್ಯೆ ಏರುತ್ತಿದ್ದರೆ ಅದು ರೋಗ. ಬೀಜದ ದೋಷ ಹಾಗೆ ಹರಡುವುದಿಲ್ಲ.

ಬೀಜದ ದೂರುಗಳಲ್ಲಿ ದೊಡ್ಡ ಪಾಲು ವಿಕೃತಿಗೆ ಸಂಬಂಧಿಸಿದ್ದೇ ಅಲ್ಲ. ಹೈಬ್ರಿಡ್ ಹಣ್ಣಿನಿಂದ ಬೀಜ ತೆಗೆದು ಮತ್ತೆ ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳು ಬಿಡಿಬಿಡಿಯಾಗಿ ಹೊರಬರುತ್ತವೆ. ಒಂದೇ ಜೀನಿನ ಅಡಗಿದ ಗುಣವಾದರೆ ನಾಲ್ಕರಲ್ಲಿ ಒಂದು ಗಿಡದಲ್ಲಿ ಅದು ಕಾಣಿಸುತ್ತದೆ. ಅದು ಬೀಜ ಕೆಟ್ಟದ್ದಲ್ಲ, ಮೆಂಡೆಲ್ ನಿಯಮ ಕೆಲಸ ಮಾಡಿದ್ದು. ಕೊಂಡ ಪೊಟ್ಟಣದಲ್ಲೇ ಬೇರೆ ಬೀಜ ಬೆರೆತಿದ್ದರೆ, ಅಥವಾ ಹೈಬ್ರಿಡ್ ಮಾಡುವಾಗ ಹೆಣ್ಣು ಗಿಡ ತನ್ನದೇ ಪರಾಗದಿಂದ ಕಟ್ಟಿದ ಬೀಜ ಉಳಿದಿದ್ದರೆ ಮಾತು ಬೇರೆ. 1966ರ ಬೀಜ ಕಾಯ್ದೆ ಗುಣಮಟ್ಟದ ಹೊಣೆಯನ್ನು ಮಾರುವವರ ಮೇಲೆ ಇಟ್ಟಿದೆ. ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಬೀಜ ಕೊಂಡ ರೈತನೂ ಗ್ರಾಹಕ, ಗ್ರಾಹಕ ವೇದಿಕೆಗೆ ಹೋಗಬಹುದು ಎಂದಿತು. ಕೊಂಡದ್ದನ್ನೆಲ್ಲ ಬಿತ್ತಿದವನು ಪರೀಕ್ಷೆಗೆ ಬೀಜ ಉಳಿಸಿಕೊಂಡಿರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ ಎಂದು ಅದು ಹೇಳಿತು.

ಶುದ್ಧತೆ ನೋಡುವ ವಿಧಾನ ಎರಡು. ಬೀಜ ಬಿತ್ತಿ, ಅಸಲಿ ತಳಿಯ ಪಕ್ಕದಲ್ಲಿ ಬೆಳೆಸಿ, ಗಿಡ ಗಿಡ ಎಣಿಸುವುದು ಹಳೆಯದು. ಒಂದು ಹಂಗಾಮು ಕಾಯಬೇಕು. ಡಿಎನ್‌ಎ ಗುರುತು ನೋಡುವುದು ಹೊಸದು. ಕೆಲವೇ ದಿನಗಳ ಕೆಲಸ, ಬೀಜ ಕಂಪನಿಗಳಿಗೆ ಪ್ರಿಯ. ಹೊಸ ವಿಧಾನ ಬೆರಕೆಯನ್ನೂ ಸ್ವಪರಾಗವನ್ನೂ ಕರಾರುವಾಕ್ಕಾಗಿ ಹಿಡಿಯುತ್ತದೆ, ಆದರೆ ಅದು ಓದುವುದು ಅಕ್ಷರವನ್ನಷ್ಟೇ. ಸಿಎನ್‌ಆರ್ ಟೊಮೆಟೊದ ಬೀಜವನ್ನು ಅದಕ್ಕೆ ಕೊಟ್ಟರೆ ಅದು ಶುದ್ಧ ಎಂದೇ ಹೇಳಬಹುದು. ಮೀಥೈಲ್ ಗುರುತನ್ನು ಅಕ್ಷರದಿಂದ ಬೇರ್ಪಡಿಸಿ ತೋರಿಸುವ ಬೈಸಲ್ಫೈಟ್ ಪರೀಕ್ಷೆ ಇದೆ. ಅದೂ ಕೆಲಸಕ್ಕೆ ಬರುವುದು ಯಾವ ಜೀನನ್ನು ಅನುಮಾನಿಸಬೇಕೆಂದು ಮೊದಲೇ ಗೊತ್ತಿರುವಾಗ. ಗೊತ್ತಿಲ್ಲದಿರುವಾಗ ಬೀಜವನ್ನು ಮಣ್ಣಿಗೆ ಹಾಕಿ ಗಿಡ ಎಣಿಸುವ ಹಳೆಯ ವಿಧಾನವೇ ಇಂಥ ಬದಲಾವಣೆಯನ್ನೂ ಹೊರಗೆಡಹುತ್ತದೆ.